ನೆಲಕ್ಕೆ ಕೂತ ಬಿಷಪ್

ಸಂಕ್ರಾಂತಿಯ ಹಿಂದಿನ ದಿನ ಬೆಳಿಗ್ಗೆ ಹಾಲು ತರಲು ಇಳಿಯುವಾಗ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆಯೇ ಉಳಿಯಿತು. ಮೂರು ಮೆಟ್ಟಿಲು ಇಳಿದ ಮೇಲೆ, ಏನೋ ಸಪ್ಪಳ ಕಡಿಮೆಯಾಗಿದೆಯಲ್ಲ ಎಂದು ತಿರುಗಿ ನೋಡಿದೆ. ಚಪ್ಪಲಿ ಕಳಚಿದ್ದು ಕಾಲಿಗೆ ಗೊತ್ತೇ ಆಗಿರಲಿಲ್ಲ. ಹಿಂದಕ್ಕೆ ಹತ್ತಿ ಹಾಕಿಕೊಂಡೆ, ಮತ್ತೆ ಕಳಚಿತು. ಅಂಗಾಲಿಗೆ ಯಾರೋ ಹತ್ತಿಯ ಹಾಸು ಕಟ್ಟಿದ ಹಾಗಿತ್ತು. ಅದು 2025ರ ಜನವರಿ 13.

ಅದಕ್ಕೆ ಎಂಟು-ಹತ್ತು ದಿನ ಮೊದಲು ಹೊಟ್ಟೆ ಕೆಟ್ಟು ಎರಡು ದಿನ ಭೇದಿಯಾಗಿತ್ತು. ಮಜ್ಜಿಗೆ ಅನ್ನ, ಜೀರಿಗೆ ನೀರು, ಅಷ್ಟಕ್ಕೆ ಇಳಿದುಹೋಯಿತು. ಪುಣೆಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಅದೇನು ದೊಡ್ಡ ಸಂಗತಿಯಲ್ಲ. ನಾವಿರುವುದು ಸಿಂಹಗಡ ರಸ್ತೆಯ ಆಚೆ, ಧಾಯರಿಯ ಕಡೆ. ನಿನ್ನೆ ಮೊನ್ನೆಯವರೆಗೆ ಹಳ್ಳಿಗಳಾಗಿದ್ದು ಈಗ ನಗರದೊಳಗೆ ಸೇರಿದ ಜಾಗ. ನೀರು ಒಂದು ದಿನ ನಲ್ಲಿಯದು, ಒಂದು ದಿನ ಬೋರಿನದು, ಬೇಸಿಗೆಯಲ್ಲಿ ಟ್ಯಾಂಕರಿನದು. ಯಾವ ದಿನದ ಯಾವ ಲೋಟದ ನೀರು ನನ್ನನ್ನು ಹಿಡಿಯಿತೋ ದೇವರಿಗೇ ಗೊತ್ತು.

ಆ ದಿನಗಳಲ್ಲಿ ನಾನೊಂದು ಸಣ್ಣ ಬರವಣಿಗೆಗೆ ಕೂತಿದ್ದೆ. ಕಾರ್ಖಾನೆಯ ನೌಕರಿ ಮುಗಿದು ವರ್ಷವಾಗಿತ್ತು. ಊರ ಕಡೆಯ ಸಭೆಯವರಿಗಾಗಿ ವಿಲಿಯಂ ಕ್ವಿನ್‌ಲನ್ ಲ್ಯಾಶ್ ಎಂಬ ಆಂಗ್ಲಿಕನ್ ಬಿಷಪ್ಪರ ಮೇಲೆ ಕನ್ನಡದಲ್ಲಿ ನಲವತ್ತು ಪುಟದ ಪುಸ್ತಿಕೆ ಬರೆಯೋಣವೆಂದು ಹೊರಟಿದ್ದೆ. ಇದನ್ನು ಕೇಳಿ ಧಾರವಾಡದಲ್ಲಿ ಅವ್ವ ಫೋನಿನಲ್ಲೇ ನಕ್ಕಿದ್ದಳು. "ನಮಗ್ಯಾಕಪಾ ಬಿಷಪ್ರ ಉಸಾಬರಿ?" ನಾವು ಬಾಸೆಲ್ ಮಿಷನ್ನಿನ ಮನೆಯವರು. ನಮ್ಮಲ್ಲಿ ಅಯ್ಯನವರು ಇರುತ್ತಾರೆ, ಸಭೆಯ ಹಿರಿಯರು ಇರುತ್ತಾರೆ, ಬಿಷಪ್ ಎಂಬುವವರು ಬಂದದ್ದು ತಡವಾಗಿ. ಮಂಗಳೂರು, ಮಲಬಾರಿನ ಬಾಸೆಲ್ ಸಭೆಗಳು 1947ರಲ್ಲೇ ದಕ್ಷಿಣ ಭಾರತ ಸಭೆಗೆ ಸೇರಿದವು. ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ನಮ್ಮವರು ಸೇರಿದ್ದು 1968ರಲ್ಲಿ. ಅಲ್ಲಿಯವರೆಗೆ ಬಿಷಪ್ ಎಂದರೆ ನಮಗೆ ಸತ್ಯವೇದದ ತಿಮೊಥೆಯನ ಪತ್ರಿಕೆಯಲ್ಲಿ ಬರುವ 'ಸಭಾಧ್ಯಕ್ಷ' ಎಂಬ ಒಂದು ಶಬ್ದ, ಇಲ್ಲವೇ ದಂಡಿನ ಪ್ರದೇಶದ ಗೋರಾ ದೇವಾಲಯಗಳಿಗೆ ಬಂದು ಹೋಗುವ ಉದ್ದ ನಿಲುವಂಗಿಯ ದೊರೆ.

ಲ್ಯಾಶ್ ನನ್ನ ಕೈಗೆ ಸಿಕ್ಕಿದ್ದು ರದ್ದಿಯಲ್ಲಿ. 'ದಿ ಟೆಂಪಲ್ ಆಫ್ ಗಾಡ್ಸ್ ವೂಂಡ್ಸ್' ಎಂಬ ತೆಳ್ಳನೆಯ ಪುಸ್ತಕ, ಲೇಖಕ ವಿಲ್ ಕ್ವಿನ್‌ಲನ್. ಆ ಹೆಸರಿನ ಹಿಂದೆ ಇದ್ದವರು ಮುಂಬಯಿಯ ಬಿಷಪ್ ಎಂದು ತಿಳಿದಾಗ ಕುತೂಹಲ ಹುಟ್ಟಿತು. ಅವರು ಬಿಷಪ್ ಆಗುವ ಮೊದಲು ನಮ್ಮ ಪುಣೆಯಲ್ಲಿ, ಶಿವಾಜಿನಗರದ ಆಶ್ರಮವೊಂದರಲ್ಲಿ ಖಾದಿ ಉಟ್ಟು 'ಆಚಾರ್ಯ' ಎನಿಸಿಕೊಂಡಿದ್ದರು ಎಂದು ತಿಳಿದಾಗ ಬರೆಯಲೇಬೇಕೆನಿಸಿತು. ಚಪ್ಪಲಿ ಕಳಚಿದ ಆ ದಿನ ಮೇಜಿನ ಮೇಲೆ ಹನ್ನೊಂದನೆಯ ಪುಟ ಅರ್ಧ ನಿಂತಿತ್ತು. ಅದರಲ್ಲಿ ಒಂದು ವಾಕ್ಯ: "ಈ ತರುಣ ಇಂಗ್ಲಿಷ್ ಪಾದ್ರಿ ಬಹುಬೇಗ ನೆಲದ ಮೇಲೆ ಕುಳಿತುಕೊಳ್ಳುವುದನ್ನು ಕಲಿತರು." ಬರೆದು ಮುಂದಿನ ಸಾಲಿಗೆ ಹೋಗಿದ್ದೆ. ಕುಳಿತುಕೊಳ್ಳುವುದರಲ್ಲಿ ಕಲಿಯುವುದೇನಿದೆ?

ಸಂಕ್ರಾಂತಿಯ ದಿನ ಹತ್ತಿರದ ಒಂದು ದವಾಖಾನೆಗೆ ಹೋದೆ. ವೈದ್ಯರು ಕಾಲು ಮುಟ್ಟಿ ನೋಡಲಿಲ್ಲ. "ವಯಸ್ಸಾಯ್ತಲ್ಲ, ಬಿ-12 ಕಡಿಮೆ ಇರುತ್ತೆ" ಎಂದು ಕೆಂಪು ಬಣ್ಣದ ಇಂಜೆಕ್ಷನ್ ಕೊಟ್ಟು, ಐದು ದಿನದ ಗುಳಿಗೆ ಬರೆದು, ತಿಳಗುಳದ ಎರಡು ಉಂಡೆಯನ್ನೂ ಕೈಗಿಟ್ಟು ಕಳಿಸಿದರು. ಅವರನ್ನು ಪೂರ್ತಿ ಬಯ್ಯಲಾರೆ. ನಗರದಲ್ಲಿ ಇಂಥದೊಂದು ರೋಗ ಗುಂಪುಗುಂಪಾಗಿ ಬಂದಿದೆಯೆಂದು ಸುದ್ದಿಯಾಗಿದ್ದು ಅದಕ್ಕೆ ಒಂದು ವಾರದ ಮೇಲೆ. ಆದರೆ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಎರಡು ದಿನ ಹೋದವು. ಆ ಎರಡು ದಿನದ ಸಿಟ್ಟು ನನ್ನಲ್ಲಿ ಇನ್ನೂ ಇದೆ.

15ರ ರಾತ್ರಿ ಸಂಡಾಸಿನಲ್ಲಿ ಕೂತವನಿಗೆ ಏಳಲಾಗಲಿಲ್ಲ. ಬಾಗಿಲ ಚಿಲಕ ಒಳಗಿನಿಂದ ಹಾಕಿತ್ತು. ಕೈ ಚಾಚಿದರೆ ಚಿಲಕ ಸಿಗುತ್ತದೆ, ಆದರೆ ಬೆರಳಿಗೆ ಅದನ್ನು ಎಳೆಯುವ ಬಲ ಇಲ್ಲ. ಹೆಂಡತಿ ಹೊರಗಿನಿಂದ, "ರೀ, ಏನಾತ್ರಿ?" ಎಂದು ಬಾಗಿಲು ಬಡಿಯುತ್ತಿದ್ದಾಳೆ. ನಾನು ಒಳಗೆ ಆ ಒಂದು ಅಂಗುಲ ಕಬ್ಬಿಣದ ಜೊತೆ ಜಗಳವಾಡುತ್ತಿದ್ದೇನೆ. ಕೊನೆಗೆ ಮೇಲಿನ ಮನೆಯ ಹುಡುಗರು ಬಂದು ಬಾಗಿಲು ಒದ್ದರು. ಲುಂಗಿಯನ್ನು ಸರಿಮಾಡಿದವಳು ಅವಳೇ. ಮುಂದೆ ಆದ ಎಷ್ಟೋ ಅವಮಾನಗಳು ಮರೆತಿವೆ, ಅದೊಂದು ಮರೆತಿಲ್ಲ.

ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರಮ್ಮ ಸುತ್ತಿಗೆಯಿಂದ ಎರಡೂ ಮೊಣಕಾಲಿಗೆ ಬಡಿದರು. ಕಾಲು ಕಂಬದ ಹಾಗೆ ಸುಮ್ಮನಿತ್ತು. "ಒಂದೇ ಉಸಿರಿನಲ್ಲಿ ಎಷ್ಟು ಸಂಖ್ಯೆ ಎಣಿಸುತ್ತೀರಿ, ಎಣಿಸಿ ನೋಡೋಣ" ಎಂದರು. ಯಾವ ಭಾಷೆಯಲ್ಲಾದರೂ ಸರಿಯಂತೆ. ಕನ್ನಡದಲ್ಲಿ ಇಪ್ಪತ್ತೆರಡರವರೆಗೆ ಹೋದೆ. ಅವರು ಬರೆದುಕೊಂಡರು. ಸಂಜೆ ಹದಿನೆಂಟಾಯಿತು. ಅದು ಮಕ್ಕಳ ಆಟದಂತೆ ಕಂಡಿತ್ತು. ಎದೆಗೂಡಿನ ಸ್ನಾಯು ಎಷ್ಟು ಸೋತಿದೆಯೆಂದು ಅಳೆಯುವ ಹಗ್ಗ ಅದು ಎಂದು ತಿಳಿದದ್ದು ಆಮೇಲೆ.

ಗಿಯಾನ್-ಬಾರೆ ಸಿಂಡ್ರೋಮ್. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಬ್ಬರು ಫ್ರೆಂಚ್ ಸೈನಿಕರಲ್ಲಿ ಇದನ್ನು ಕಂಡು ವಿವರಿಸಿದ ವೈದ್ಯರ ಹೆಸರು ಅದು. ಹೊಟ್ಟೆಯಲ್ಲಿ ಸೇರಿದ ರೋಗಾಣುವಿನ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯ, ಗುರುತು ತಪ್ಪಿ ತನ್ನದೇ ನರಗಳ ಮೇಲಿನ ಹೊದಿಕೆಯನ್ನು ಕಿತ್ತುಹಾಕತೊಡಗುತ್ತದೆ. ವಿದ್ಯುತ್ ತಂತಿಯ ಪ್ಲಾಸ್ಟಿಕ್ ಸುಲಿದ ಹಾಗೆ. ಪಾದದಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಪುಣೆಯಲ್ಲಿ ಆ ಜನವರಿಯಲ್ಲಿ ರೋಗಿಗಳ ಮಲ ಪರೀಕ್ಷೆಯಲ್ಲಿ ಸಿಕ್ಕಿದ್ದು ಮುಖ್ಯವಾಗಿ ಕ್ಯಾಂಪೈಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ. ಫೆಬ್ರುವರಿ ಮುಗಿಯುವ ಹೊತ್ತಿಗೆ ರೋಗಿಗಳ ಲೆಕ್ಕ ಇನ್ನೂರು ದಾಟಿತ್ತು. ಬಹಳ ಮಂದಿ ನಮ್ಮ ಸಿಂಹಗಡ ರಸ್ತೆಯ ಸುತ್ತಿನವರೇ, ಕಿರ್ಕಟವಾಡಿ, ನಾಂದೇಡಗಾಂವ್, ಧಾಯರಿ.

ಔಷಧ ಎಂದರೆ ಇತರರ ರಕ್ತದಿಂದ ತೆಗೆದ ಪ್ರತಿಕಾಯಗಳು, ಐವಿಐಜಿ. ದೇಹದ ತೂಕದ ಒಂದು ಕಿಲೋಗೆ ಎರಡು ಗ್ರಾಂ. ನನ್ನ ತೂಕ 65 ಕಿಲೋ. 130 ಗ್ರಾಂ, ಐದು ಗ್ರಾಮಿನ 26 ಬಾಟಲಿ, ಒಂದೊಂದಕ್ಕೆ ಸುಮಾರು 20 ಸಾವಿರ ರೂಪಾಯಿ. ಹೆಂಡತಿ ಈ ಗುಣಾಕಾರವನ್ನು ಔಷಧ ಚೀಟಿಯ ಹಿಂಬದಿಯಲ್ಲಿ ಮಾಡಿದ್ದಳು. ಆ ಚೀಟಿ ಈಗಲೂ ಮನೆಯಲ್ಲಿದೆ. 5,20,000 ಎಂಬ ಸಂಖ್ಯೆಯ ಕೆಳಗೆ ಎರಡು ಗೆರೆ ಎಳೆದು, ಪಕ್ಕದಲ್ಲಿ 'ಬಳಿ' ಎಂದು ಬರೆದಿದ್ದಾಳೆ. ವಿಮೆಯಿಂದ ಮುಕ್ಕಾಲು ಬಂತು. ಬಳೆಗಳು ಉಳಿದವು, ಸರ ಹೋಯಿತು.

ಮೂರನೆಯ ದಿನ ಎಣಿಕೆ ಹದಿನಾಲ್ಕಕ್ಕೆ ಬಂತು. ನಾಲ್ಕನೆಯ ದಿನ ರಾತ್ರಿ ಒಂಬತ್ತು. ಹತ್ತು ಎನ್ನಲು ಬಾಯಿ ತೆರೆದೆ, ಗಾಳಿ ಇರಲಿಲ್ಲ. ಡಾಕ್ಟರಮ್ಮ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನು ಸ್ವಲ್ಪ ದಿನ ಉಸಿರಾಡುವ ಕೆಲಸ ಯಂತ್ರಕ್ಕೆ ಕೊಡೋಣ" ಎಂದರು. 19ರ ರಾತ್ರಿ ಗಂಟಲೊಳಗೆ ನಳಿಕೆ ಇಳಿಯಿತು. ಹತ್ತು ದಿನ ಕಳೆದ ಮೇಲೆ ಕುತ್ತಿಗೆಗೆ ತೂತು ಕೊರೆದು ಅಲ್ಲಿಂದ. ಒಟ್ಟು 28 ದಿನ ಯಂತ್ರ ನನಗಾಗಿ ಉಸಿರಾಡಿತು.

ಈ ರೋಗದಲ್ಲಿ ಬುದ್ಧಿಗೆ ಏನೂ ಆಗುವುದಿಲ್ಲ. ಅದನ್ನು ಸಮಾಧಾನವೆಂದು ಎಲ್ಲರೂ ಹೇಳಿದರು. ಒಳಗಿದ್ದವನಿಗೆ ಅದೇ ಕಷ್ಟ. ಎಲ್ಲ ಕೇಳುತ್ತದೆ, ಎಲ್ಲ ತಿಳಿಯುತ್ತದೆ, ಎಲ್ಲ ನೋಯುತ್ತದೆ. ಕಾಲು ಅಲ್ಲಾಡದಿದ್ದರೂ ಹಾಸಿಗೆಯ ಮಡಿಕೆ ಅಂಗಾಲಿಗೆ ತಾಗಿದರೆ ಕೆಂಡ ತಾಗಿದ ಹಾಗೆ. ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ, ರಾತ್ರಿ ಕಣ್ಣಿಗೆ ಮುಲಾಮು ಹಚ್ಚಿ ಟೇಪು ಅಂಟಿಸುತ್ತಿದ್ದರು. ಎರಡೆರಡು ತಾಸಿಗೊಮ್ಮೆ ನಳಿಕೆಯ ಕಫ ಎಳೆಯಲು ಬರುತ್ತಿದ್ದರು. ಸಣ್ಣ ರಬ್ಬರು ನಳಿಕೆ ಕುತ್ತಿಗೆಯೊಳಗೆ ಇಳಿಯುತ್ತಿದ್ದಂತೆ ಎದೆ ಒಳಗಿನಿಂದ ಮಗುಚಿದಂತಾಗುತ್ತದೆ. ಕೆಮ್ಮಬೇಕೆನಿಸುತ್ತದೆ, ಕೆಮ್ಮುವ ಸ್ನಾಯು ಇಲ್ಲ. ಆ ಹತ್ತು ಸೆಕೆಂಡು ನೀರಿನಲ್ಲಿ ಮುಳುಗಿದ ಹಾಗೆಯೇ. ಕೇರಳದ ಒಬ್ಬ ನರ್ಸ್ ಹುಡುಗಿ ಮಾತ್ರ ಪ್ರತಿ ಸಲವೂ ಮೊದಲು, "ಅಂಕಲ್, ಈಗ ಮಾಡ್ತೀನಿ" ಎಂದು ಹಿಂದಿಯಲ್ಲಿ ಹೇಳಿ ಮಾಡುತ್ತಿದ್ದಳು. ಉಳಿದವರಿಗೆ ನಾನು ಹನ್ನೆರಡನೆಯ ನಂಬರಿನ ಹಾಸಿಗೆ.

ಬೆಳಿಗ್ಗೆ ಹನ್ನೊಂದಕ್ಕೆ, ಸಂಜೆ ಐದಕ್ಕೆ, ಹದಿನೈದು ಹದಿನೈದು ನಿಮಿಷ ಹೆಂಡತಿಯನ್ನು ಒಳಗೆ ಬಿಡುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರಗಳು, ಚಿತ್ರಗಳು ಇದ್ದವು: ಹಾಸಿಗೆ, ನೀರು, ನೋವು. ಅವಳು ಮೂರನೆಯ ದಿನ ಅದನ್ನು ಪಕ್ಕಕ್ಕಿಟ್ಟು, ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮ ವರ್ಣಮಾಲೆ ಬರೆದು ತಂದಳು. ಪ್ರೈಮರಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿದ ಹೆಂಗಸು. "ಕ ಸಾಲೇನ್ರಿ? ಚ ಸಾಲು? ಟ? ತ? ಪ?" ಎಂದು ಕೇಳುತ್ತ ಹೋಗುವಳು, ಬೇಕಾದ ಸಾಲು ಬಂದಾಗ ನಾನು ಕಣ್ಣನ್ನು ಮೇಲಕ್ಕೆತ್ತಬೇಕು. ಆಮೇಲೆ ಆ ಸಾಲಿನ ಅಕ್ಷರ. ಆಮೇಲೆ ಕಾಗುಣಿತ. ಪ ಸಾಲು, ಮ, ಮೂ. ಕ ಸಾಲು, ಗ, ಗು. ಮೂಗು. ಎರಡು ದಿನದಿಂದ ಮೂಗಿನ ತುದಿ ತುರಿಸುತ್ತಿತ್ತು. ಅವಳು ಸೆರಗಿನ ಚುಂಗಿನಿಂದ ಉಜ್ಜಿದಳು. ಇಂಗ್ಲಿಷಿನಲ್ಲಾದರೆ ಇಪ್ಪತ್ತಾರು ಅಕ್ಷರವನ್ನು ಒಂದೊಂದಾಗಿ ದಾಟಿ ಹೋಗಬೇಕು. ನಮ್ಮಲ್ಲಿ ಅಕ್ಷರಗಳು ಮೊದಲೇ ಸಾಲಾಗಿ ನಿಂತಿವೆ. ಪಾಣಿನಿಗೋ ಮತ್ತೆ ಯಾರಿಗೋ, ಆ ಸಾಲು ಕಟ್ಟಿದವರಿಗೆ ಆ ದಿನ ಮನಸ್ಸಿನಲ್ಲೇ ಕೈಮುಗಿದೆ.

ಹದಿನೈದು ನಿಮಿಷ ಮಾತಾಡಲು ಏನಿರುತ್ತದೆ? ಮನೆಯ ಸುದ್ದಿ ಎರಡು ನಿಮಿಷಕ್ಕೆ ಮುಗಿಯುತ್ತದೆ, ದುಡ್ಡಿನ ಸುದ್ದಿ ಅವಳು ಹೇಳುತ್ತಿರಲಿಲ್ಲ. ಒಂದು ದಿನ ಮೇಜಿನ ಮೇಲಿದ್ದ ನನ್ನ ಫೈಲನ್ನೇ ತಂದು ಓದತೊಡಗಿದಳು. ಹೀಗೆ ನಾನು ಬರೆದ ಬಿಷಪ್ಪರ ಕಥೆಯನ್ನು ನಾನೇ, ತಿದ್ದುವ ಕೈಯಿಲ್ಲದೆ, ಮಲಗಿಕೊಂಡು ಕೇಳಬೇಕಾಯಿತು.

ಕಥೆ ಹೀಗಿತ್ತು. ಜಾನ್ ಕೋಪ್ಲಿ ವಿನ್ಸ್ಲೋ ಎಂಬ ಆಂಗ್ಲಿಕನ್ ಪಾದ್ರಿ, ಎಲ್ಲರ ಬಾಯಲ್ಲಿ ಜ್ಯಾಕ್ ವಿನ್ಸ್ಲೋ, ಅಹಮದ್‌ನಗರದ ಕಡೆ 1922ರಲ್ಲಿ 'ಕ್ರಿಸ್ತ ಸೇವಾ ಸಂಘ' ಎಂಬ ಸಣ್ಣ ಬಳಗ ಕಟ್ಟಿದರು. ಇಂಗ್ಲಿಷರೂ ಭಾರತೀಯರೂ ಒಂದೇ ಸೂರಿನ ಕೆಳಗೆ, ಒಂದೇ ಅಡುಗೆ, ಖಾದಿ ಬಟ್ಟೆ, ನೆಲದ ಮೇಲೆ ಊಟ, ನೆಲದ ಮೇಲೆ ಪ್ರಾರ್ಥನೆ. ಕೆಲವೇ ವರ್ಷಗಳಲ್ಲಿ ಅದು ಪುಣೆಗೆ ಬಂತು. 1927ರಲ್ಲಿ ಇಂಗ್ಲೆಂಡಿನಿಂದ ಬಂದ ತರುಣರಲ್ಲಿ ವೆರಿಯರ್ ಎಲ್ವಿನ್ ಕೂಡ ಒಬ್ಬ. ಮುಂದೆ ಗೊಂಡರ, ಬೈಗರ ನಡುವೆ ಬದುಕಿ ಹೆಸರಾದವನು. ಅವನೂ ಪುಣೆಯಲ್ಲಿ ಆಮಶಂಕೆ ಹತ್ತಿ ಹಾಸಿಗೆ ಹಿಡಿದು, ಇಂಗ್ಲೆಂಡಿಗೆ ಹೋಗಿ ಸುಧಾರಿಸಿಕೊಂಡು ಬರಬೇಕಾಯಿತು. ಈ ಭಾಗ ಬಂದಾಗ ಹೆಂಡತಿ ಓದು ನಿಲ್ಲಿಸಿ ನನ್ನ ಮುಖ ನೋಡಿದಳು. "ನೋಡ್ರಿ, ಈ ಊರ ನೀರಿಂದು ಆವಾಗಿಂದ ಐತಿ."

1934ರಲ್ಲಿ ಸಂಘ ಎರಡಾಯಿತು. ವ್ರತ ತೊಟ್ಟ ಬ್ರಹ್ಮಚಾರಿಗಳಾಗಿ, ಅಸ್ಸೀಸಿಯ ಫ್ರಾನ್ಸಿಸನ ದಾರಿಯಲ್ಲಿ ಇರಬೇಕೆಂದವರು ಒಂದು ಕಡೆಯಾದರು. ಅವರದು 'ಕ್ರಿಸ್ತ ಪ್ರೇಮ ಸೇವಾ ಸಂಘ'. ಹೆಸರಿನಲ್ಲಿ ಪ್ರೇಮ ಸೇರಿದ್ದು ಬೇರೆಯಾಗುವ ಹೊತ್ತಿನಲ್ಲಿ, ನಮ್ಮ ಸಭೆಗಳ ಚರಿತ್ರೆ ಬಲ್ಲವರಿಗೆ ಇದೇನೂ ಹೊಸದಲ್ಲ. ಅದರ ಆಚಾರ್ಯರಾದವರೇ ಲ್ಯಾಶ್. 1905ರಲ್ಲಿ ಹುಟ್ಟಿದವರು, ಕೇಂಬ್ರಿಜಿನಲ್ಲಿ ಓದಿದವರು, ಆಚಾರ್ಯರಾದಾಗ ಇನ್ನೂ ಮೂವತ್ತು ತುಂಬಿರಲಿಲ್ಲ.

ಇಲ್ಲಿ ನನ್ನ ಕೈಬರಹದಲ್ಲಿ ತಪ್ಪಿತ್ತು. "1934ರಲ್ಲಿ ಲ್ಯಾಶ್ ಹಿಂದೂಸ್ಥಾನಕ್ಕೆ ಬಂದರು" ಎಂದು ಅವಳು ಓದಿದಳು. ಅಲ್ಲ! ಅವರು ಬಂದದ್ದು 1932ರಲ್ಲಿ. ಆಚಾರ್ಯರಾದದ್ದು 1934ರಲ್ಲಿ. ನಾನು ಕಣ್ಣನ್ನು ಮೇಲೆ ಕೆಳಗೆ ಆಡಿಸತೊಡಗಿದೆ. ಅವಳು ಗಾಬರಿಯಾದಳು. "ನೋವೇನ್ರಿ? ಉಸುರು ಹಿಡೀತೇನ್ರಿ? ಸಿಸ್ಟರ್ನ ಕರೀಲೇನು?" ಕೊನೆಗೆ ಕ್ಯಾಲೆಂಡರು ಹಿಡಿದಳು. ತ ಸಾಲು. ತ. ಪ ಸಾಲು. ಪ. ಒತ್ತು. 'ತಪ್ಪು' ಎಂದು ಮುಗಿಯುವಾಗ ಐದು ನಿಮಿಷ ಹೋಗಿತ್ತು. ಯಾವುದು ತಪ್ಪು? ಡಾಕ್ಟರು ಹೇಳಿದ್ದು? ಔಷಧ? ಅವಳ ಬೆರಳುಗಳು ನಡುಗುತ್ತಿದ್ದವು. ಅಂಕಿಗಳನ್ನು ಒಂದೊಂದಾಗಿ ಕೇಳಿ ಒಂದು, ಒಂಬತ್ತು, ಮೂರು, ಎರಡು ಎಂದು ಜೋಡಿಸಿದಾಗ ಅವಳಿಗೆ ಹೊಳೆಯಿತು. ಫೈಲನ್ನು ತೊಡೆಯ ಮೇಲಿಟ್ಟು, ಮಾಸ್ಕಿನ ಮೇಲೆಯೇ ಬಾಯಿಗೆ ಕೈ ಹಿಡಿದು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ ಕೂತಳು. "ಸಾಯೂ ಹೊತ್ನ್ಯಾಗೂ ಪ್ರೂಫ್ ನೋಡ್ತೀರಲ್ರಿ." ಪೆನ್ನು ತೆಗೆದು ತಿದ್ದಿದಳು. ಅಷ್ಟರಲ್ಲಿ ಹದಿನೈದು ನಿಮಿಷ ಮುಗಿಯಿತು.

ಅವಳು ಹೋದ ಮೇಲೆ ಉಳಿಯುವ ರಾತ್ರಿಗಳು ಉದ್ದ. ದೇವರ ಧ್ಯಾನ ಮಾಡಿದೆ ಎಂದು ಬರೆದರೆ ಸಭೆಯವರು ಮೆಚ್ಚುತ್ತಾರೆ. ನಿಜ ಹೇಳಬೇಕೆಂದರೆ ಪ್ರಾರ್ಥನೆ ಬರುತ್ತಿರಲಿಲ್ಲ. ಕರ್ತನು ಕಲಿಸಿದ ಪ್ರಾರ್ಥನೆಯೂ ಅರ್ಧಕ್ಕೆ ನಿಂತು, ಯಂತ್ರದ ಸಪ್ಪಳದೊಳಗೆ ಸೇರಿಹೋಗುತ್ತಿತ್ತು. ಬರುತ್ತಿದ್ದದ್ದು ಲ್ಯಾಶ್. 1947ರಲ್ಲಿ ಅವರನ್ನು ಮುಂಬಯಿಗೆ ಬಿಷಪ್ ಮಾಡಿದರು. ಹೊತ್ತು ನೋಡಿ. ಬ್ರಿಟಿಷ್ ಪಲ್ಟನ್ನುಗಳು ಹಡಗು ಹತ್ತುತ್ತಿವೆ. ಸರಕಾರದ ಸಂಬಳ ತಿನ್ನುತ್ತಿದ್ದ ದಂಡಿನ ಪಾದ್ರಿಗಳ ಇಲಾಖೆ ಮುಚ್ಚುತ್ತಿದೆ. ಪುಣೆ ಕ್ಯಾಂಪಿನ ಸೇಂಟ್ ಮೇರೀಸ್, 1825ರಲ್ಲಿ ಬಿಷಪ್ ಹೀಬರ್ ಪ್ರತಿಷ್ಠೆ ಮಾಡಿದ್ದು, ಖಡಕಿಯ ಆಲ್ ಸೇಂಟ್ಸ್, ನಮ್ಮ ಕಡೆ ಬೆಳಗಾವಿ ಕ್ಯಾಂಪಿನ ಸೇಂಟ್ ಮೇರೀಸ್, ಇಂಥ ದೊಡ್ಡ ದೊಡ್ಡ ಕಲ್ಲಿನ ದೇವಾಲಯಗಳಲ್ಲಿ ಬೆಂಚುಗಳಿವೆ, ಕೂತುಕೊಳ್ಳುವವರು ಊರು ಬಿಟ್ಟಿದ್ದಾರೆ. ಆಗ ಆ ಪೀಠಕ್ಕೆ ಬಂದವರು ಹದಿನೈದು ವರ್ಷ ಆಶ್ರಮದ ನೆಲದ ಮೇಲೆ ಕೂತಿದ್ದ ಮನುಷ್ಯ. ವಯಸ್ಸು ನಲವತ್ತೆರಡು. ಹದಿನಾಲ್ಕು ವರ್ಷ ಆ ಕೆಲಸ ಮಾಡಿದರು. ಅವರಿಗಿಂತ ಹಿಂದೆ 1908ರಿಂದ 1929ರವರೆಗೆ ಅದೇ ಪೀಠದಲ್ಲಿದ್ದ ಎಡ್ವಿನ್ ಪಾಮರ್ ಸಭೆಗಳೆಲ್ಲ ಒಂದಾಗಬೇಕೆಂದು ದುಡಿದು, ದಕ್ಷಿಣ ಭಾರತ ಸಭೆಗೆ ದಾರಿ ಮಾಡಿದವರಲ್ಲಿ ಒಬ್ಬರಾದರು. ಆದರೆ ಅವರದೇ ಮುಂಬಯಿ ಪ್ರಾಂತ ಅದರೊಳಗೆ ಬರಲಿಲ್ಲ, 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ಹುಟ್ಟುವವರೆಗೆ ಕಾಯಿತು. ಲ್ಯಾಶ್ ಅಷ್ಟರಲ್ಲಿ ಇಂಗ್ಲೆಂಡಿನ ಟ್ರೂರೋ ಕಡೆ ಒಂದು ಊರ ದೇವಾಲಯದ ಪಾದ್ರಿಯಾಗಿ, ಅಲ್ಲಿನ ಬಿಷಪ್ಪರ ಸಹಾಯಕರಾಗಿದ್ದರು. 1986ರಲ್ಲಿ ತೀರಿಕೊಂಡರು.

ಪದವಿ, ತಾರೀಖು, ಎಲ್ಲ ಹೀಗೆ ಸರಾಗವಾಗಿ ಹೋಗುತ್ತಿತ್ತು. ತಡೆಯುತ್ತಿದ್ದದ್ದು ಆ ಹನ್ನೊಂದನೆಯ ಪುಟದಲ್ಲಿ. ಬಹುಬೇಗ ನೆಲದ ಮೇಲೆ ಕುಳಿತುಕೊಳ್ಳುವುದನ್ನು ಕಲಿತರು. ನಾನು ಹೇಗೆ ಬರೆದೆ ಅದನ್ನು? ಯಾರು ಹೇಳಿದರು ನನಗೆ 'ಬಹುಬೇಗ' ಎಂದು? ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಕುರ್ಚಿಯಲ್ಲಿ ಕೂತ ಸೊಂಟ, ಬಗ್ಗದ ಪಾದದ ಕೀಲು, ಉದ್ದನೆಯ ತೊಡೆಯೆಲುಬು. ಪ್ರತಿ ಊಟಕ್ಕೆ, ಪ್ರತಿ ಪ್ರಾರ್ಥನೆಗೆ ಅದನ್ನು ಮಡಿಸಿ ಇಳಿಸಬೇಕು, ಜೋಮು ಹಿಡಿದ ಮೇಲೆ ಎಬ್ಬಿಸಬೇಕು. ಎಷ್ಟು ತಿಂಗಳು ಹಿಡಿದಿರಬಹುದು? ರಾತ್ರಿ ಎರಡು ಗಂಟೆಗೆ ಒಂದು ಬೆರಳೂ ಅಲುಗದೆ ಮಲಗಿ ನಾನು ಒಬ್ಬ ಸತ್ತ ಇಂಗ್ಲಿಷಿನವನ ಮೊಣಕಾಲಿನ ಬಗ್ಗೆ ಯೋಚಿಸುತ್ತಿದ್ದೆ.

ಫೆಬ್ರುವರಿ 16ಕ್ಕೆ ಯಂತ್ರ ಬಿಡಿಸಿದರು. ಅದರ ಎರಡು ದಿನ ಮೊದಲು ಬಲಗೈಯ ಹೆಬ್ಬೆರಳು ಮಿಸುಕಿತ್ತು. ಮೊದಲು ನೋಡಿದ್ದು ಆ ಕೇರಳದ ಹುಡುಗಿ. ಓಡಿಹೋಗಿ ಇನ್ನಿಬ್ಬರನ್ನು ಕರೆದುಕೊಂಡು ಬಂದಳು, ಅವರೆದುರು ಅದು ಮಿಸುಕಲಿಲ್ಲ.

ನುಂಗಲು ಬರುತ್ತದೆಯೇ ಎಂದು ನೋಡಲು ಮೊದಲು ಕೊಟ್ಟದ್ದು ಪುಡಿ ಬೆರೆಸಿ ಗಂಜಿಯಂತೆ ಮಂದ ಮಾಡಿದ ಒಂದು ಚಮಚ ಚಹಾ. ಪುಣೆಯಲ್ಲಿ ಚಹಾಕ್ಕೂ ಪಾದ್ರಿಗಳಿಗೂ ಹಳೆಯ ನಂಟಿದೆ. 1890ರಲ್ಲಿ ಗುರುವಾರ ಪೇಟೆಯ ಪಂಚಹೌದ್ ಮಿಷನ್ನಿನಲ್ಲಿ ಆಂಗ್ಲಿಕನ್ ಪಾದ್ರಿಗಳು ಊರ ದೊಡ್ಡವರನ್ನು ಕರೆದು ಚಹಾ ಬಿಸ್ಕೀಟು ಇಟ್ಟರು. ಬಂದವರಲ್ಲಿ ತಿಲಕರಿದ್ದರು, ರಾನಡೆಯವರಿದ್ದರು. ಸುದ್ದಿ ಹೊರಬಿದ್ದು ಊರಿಗೆ ಊರೇ ಎದ್ದಿತು, ಶಂಕರಾಚಾರ್ಯರವರೆಗೆ ದೂರು ಹೋಯಿತು, ಪ್ರಾಯಶ್ಚಿತ್ತದ ಮಾತಾಯಿತು. ಮೂಗಿನ ನಳಿಕೆಯಿಂದ ತಿಂಗಳೊಪ್ಪತ್ತು ಹಿಟ್ಟಿನ ನೀರು ಕುಡಿದವನಿಗೆ ಆ ಒಂದು ಚಮಚ ನಾಲಿಗೆಗೆ ತಾಗಿದಾಗ, ಇದಕ್ಕೆ ಎಂಥ ಪ್ರಾಯಶ್ಚಿತ್ತ ಕೇಳಿದರೂ ಕೊಡುತ್ತೇನೆ ಎನಿಸಿತು. ಸಕ್ಕರೆ ಕಡಿಮೆ ಇತ್ತು. ಅದನ್ನೂ ಹೇಳಿದೆ, ಅಂದರೆ ಕುತ್ತಿಗೆಯ ತೂತನ್ನು ನರ್ಸ್ ಬೆರಳಿನಿಂದ ಮುಚ್ಚಿದಾಗ ಬಂದ ಒಡಕು ದನಿಯಲ್ಲಿ. 28 ದಿನದ ಮೇಲೆ ನನ್ನ ಮೊದಲ ಮಾತು 'ಸಕ್ರಿ'.

ಮಾರ್ಚ್ ನಡುವೆ ಮನೆಗೆ ಬಂದಾಗ ತೂಕ 51 ಕಿಲೋ. ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತದೆ, ಬೆನ್ನಿನಿಂದ ಕಾಲಿನ ಹೆಬ್ಬೆರಳಿಗೆ ಒಂದು ಮೀಟರ್ ದಾರಿ, ನೀವೇ ಲೆಕ್ಕ ಹಾಕಿ ಎಂದಿದ್ದರು ಡಾಕ್ಟರಮ್ಮ. ದಿನವೂ ಫಿಸಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಇಪ್ಪತ್ತೈದರ ವಯಸ್ಸು, ಬೈಕಿನ ಮೇಲೆ ಬರುವಳು, ನನಗೆ 'ಕಾಕಾ' ಎನ್ನುವಳು, ಕರುಣೆ ಎಂಬುದು ಇರಲಿಲ್ಲ. ಮೇ ತಿಂಗಳಲ್ಲಿ ವಾಕರ್, ಆಗಸ್ಟಿನಲ್ಲಿ ಕೋಲು. ಕುರ್ಚಿಯಲ್ಲಿ ಕೂರುವುದು, ಏಳುವುದು ಬಂತು. ತುತ್ತು ಮಾಡುವುದು ಬಂತು. ಮೊದಲು ಉಪ್ಪಿಟ್ಟು, ಆಮೇಲೆ ಅನ್ನ ಸಾರು, ಕಡೆಗೆ ರೊಟ್ಟಿ ಮುರಿಯುವುದು. ಜೋಳದ ರೊಟ್ಟಿ ಮುರಿಯಲು ಇಷ್ಟು ಬಲ ಬೇಕೆಂದು ಐವತ್ತೆಂಟು ವರ್ಷ ಗೊತ್ತಿರಲಿಲ್ಲ.

"ಈಗ ನೆಲ" ಎಂದಳು ಆ ಫಿಸಿಯೋ ಹುಡುಗಿ ಒಂದು ದಿನ. ಇಳಿಯುವುದು ಹೇಗೋ ಆಗುತ್ತದೆ, ಭೂಮಿಯೇ ಎಳೆದುಕೊಳ್ಳುತ್ತದೆ. ಏಳುವುದಕ್ಕೆ ಮೆಟ್ಟಿಲುಗಳಿವೆ. ಮೊದಲು ಒಂದು ಮಗ್ಗುಲಿಗೆ ಹೊರಳಬೇಕು. ಮಗುವಿನ ಹಾಗೆ ಅಂಬೆಗಾಲಿಗೆ ಬರಬೇಕು. ಕೈ ಎತ್ತಿ ಎರಡೂ ಮೊಣಕಾಲ ಮೇಲೆ ನೆಟ್ಟಗೆ ನಿಲ್ಲಬೇಕು. ಒಂದು ಪಾದ ಮುಂದಿಟ್ಟು, ಕುರ್ಚಿ ಹಿಡಿದು, ಒಮ್ಮೆಲೇ ಏಳಬೇಕು. ನಾನು ಮೂರನೆಯ ಮೆಟ್ಟಿಲಲ್ಲಿ ನಿಂತುಬಿಡುತ್ತಿದ್ದೆ. ಮೊಣಕಾಲೂರಿ, ಮುಂದಿನ ಕುರ್ಚಿಯ ಮೇಲೆ ಎರಡೂ ಕೈಯಿಟ್ಟು, ತಲೆ ತಗ್ಗಿಸಿ, ಏದುಸಿರು ಬಿಡುತ್ತ. ನಮ್ಮ ಬಾಸೆಲ್ ಸಭೆಯಲ್ಲಿ ಪ್ರಾರ್ಥನೆಗೆ ಎದ್ದು ನಿಲ್ಲುತ್ತೇವೆ. ಮೊಣಕಾಲೂರುವುದು, ಅದಕ್ಕೆಂದೇ ದಿಂಬು ಇಟ್ಟುಕೊಳ್ಳುವುದು ಆಂಗ್ಲಿಕನ್ನರ ಪದ್ಧತಿ. ಫೋನಿನ ವಿಡಿಯೋದಲ್ಲಿ ಇದನ್ನು ನೋಡಿದ ಅವ್ವ, "ಪೂರಾ ಬಿಷಪ್ರ ಮಂದಿ ಆಗಿಬಿಟ್ಟಿ ನೋಡು" ಎಂದಳು.

ನವೆಂಬರಿನಲ್ಲಿ ಶಿವಾಜಿನಗರದ ಆಶ್ರಮಕ್ಕೆ ಹೋದೆ. ಅದು ಈಗಲೂ ಇದೆ. ಲ್ಯಾಶ್ ಹೋದ ಮೇಲೆ ಸಂಘ ಸೊರಗಿ, 1972ರಲ್ಲಿ ಆಂಗ್ಲಿಕನ್ ಮತ್ತು ಕ್ಯಾಥೊಲಿಕ್ ಸಿಸ್ಟರುಗಳು ಸೇರಿ ಹೊಸದಾಗಿ ಹಚ್ಚಿದ ದೀಪ ಅದು. ಹೊರಗೆ ರಿಕ್ಷಾಗಳ ಗದ್ದಲ, ಒಳಗೆ ಮರಗಳು. ಹೆಂಡತಿ ಫೈಲು ಹಿಡಿದುಕೊಂಡು ಬಂದಿದ್ದಳು, ಎರಡು ಮೂರು ಸಂಗತಿ ಕೇಳುವುದಿತ್ತು. ಸಂಜೆಯ ಪ್ರಾರ್ಥನೆಯ ಹೊತ್ತಾಗಿತ್ತು, ಕೂತುಕೊಳ್ಳಿ ಎಂದರು. ಬದಿಯಲ್ಲಿ ಕುರ್ಚಿಗಳೂ ಇದ್ದವು, ಒಬ್ಬ ಸಿಸ್ಟರ್ ಅದನ್ನೇ ತೋರಿಸಿದರು. ನಾನು ಚಾಪೆಯ ಕಡೆ ಹೋದೆ. "ಬ್ಯಾಡ್ರಿ" ಎಂದು ಹೆಂಡತಿ ಮೆಲ್ಲಗೆ ತೋಳು ಹಿಡಿದಳು. ಬಿಡಿಸಿಕೊಂಡೆ. ಕೋಲು ಪಕ್ಕಕ್ಕಿಟ್ಟು, ಗೋಡೆ ಹಿಡಿದು ಇಳಿದೆ. ಎಡಗಾಲು ಮಡಚಿತು, ಬಲಗಾಲು ಅರ್ಧ ಮಡಚಿತು. ಇಪ್ಪತ್ತು ನಿಮಿಷ ಕೂತೆ. ಹತ್ತನೆಯ ನಿಮಿಷಕ್ಕೆ ಜೋಮು ಹಿಡಿಯಿತು. ಜೋಮು ಹಿಡಿದದ್ದು ತಿಳಿಯಿತಲ್ಲ ಎಂದು ಖುಷಿಯೂ ಆಯಿತು.

ಪ್ರಾರ್ಥನೆ ಮುಗಿದು ಎಲ್ಲರೂ ಎದ್ದರು. ನಾನು ಮಗ್ಗುಲಿಗೆ ಹೊರಳಿದೆ, ಅಂಬೆಗಾಲಿಗೆ ಬಂದೆ, ಮೊಣಕಾಲ ಮೇಲೆ ನೆಟ್ಟಗಾದೆ. ಅಲ್ಲಿ ನಿಂತೆ. ಮುಂದೆ ಹಿಡಿಯಲು ಕುರ್ಚಿ ಇರಲಿಲ್ಲ. ಆಸರೆಗೆ ಎರಡೂ ಅಂಗೈಗಳನ್ನು ಒಂದಕ್ಕೊಂದು ಒತ್ತಿ ಹಿಡಿದು, ಕಣ್ಣು ಮುಚ್ಚಿ, ಬಲಪಾದಕ್ಕೆ ಮುಂದೆ ಬಾ ಎಂದು ಹೇಳುತ್ತಿದ್ದೆ. ಅದು ಬರುತ್ತಿರಲಿಲ್ಲ. ದೀಪ ಆರಿಸಲು ಬಂದ ಸಿಸ್ಟರ್ ನನ್ನನ್ನು ನೋಡಿ, ಆರಿಸದೆ, ಸಪ್ಪಳ ಮಾಡದೆ, ಬಾಗಿಲ ಬಳಿ ತಲೆಬಾಗಿ ನಿಂತುಕೊಂಡರು. ಇವರ ಪ್ರಾರ್ಥನೆ ಮುಗಿಯಲಿ ಎಂದು ಅವರು ಕಾಯುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ಹೆಂಡತಿ ಆ ಕಡೆಯಿಂದ ಬಂದು, ಅವರಿಗೆ ಮರಾಠಿಯಲ್ಲಿ, "ಪ್ರಾರ್ಥನೆ ಅಲ್ಲ ಸಿಸ್ಟರ್, ಇವರಿಗೆ ಏಳಲಿಕ್ಕೆ ಆಗ್ತಾ ಇಲ್ಲ" ಎಂದಳು. ಇಬ್ಬರೂ ಒಂದೊಂದು ಕಂಕುಳಿಗೆ ಕೈ ಹಾಕಿದರು.